ನೇಪಾಳದ ಗುಡ್ಡಕ್ಕೆ ಸಗಣಿ ಸಾರಿಸಿ ಬಂದದ್ದು

ರಾಣೇಬೆನ್ನೂರು

ನಮ್ಮ ಕಡೆಯ ಜನ ವಿದೇಶಕ್ಕೆ ಹೋಗುವುದು ದುಡಿಯಲಿಕ್ಕೆ, ಇಲ್ಲವೇ ಹೋಗಿ ಬಂದೆ ಎಂದು ಉಳಿದವರ ತಲೆ ತಿನ್ನಲಿಕ್ಕೆ. ನಾನು ಹೋದದ್ದು ಅಡುಗೆಯವನನ್ನು ಎಳೆದು ತರಲಿಕ್ಕೆ.

ರಾಣೇಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಹೋಟೆಲ್ ಇದೆ. ಎಗ್ ರೈಸ್, ಗೋಬಿ ಮಂಚೂರಿ, ಕಬಾಬು. ಬೋರ್ಡಿನ ಮೇಲೆ ಖಾದರಸಾಬ ಎಂದು ನನ್ನ ಹೆಸರು ದೊಡ್ಡದಾಗಿ ಬರೆಸಿದ್ದೇನೆ. ಜನ ಮಾತ್ರ ಬರುತ್ತಿದ್ದದ್ದು ಧನ ಬಹದ್ದೂರನ ಕೈರುಚಿಗೆ. ಅವನು ನೇಪಾಳದವನು, ಹದಿನಾರು ವರ್ಷ ನನ್ನ ಒಲೆಯ ಮುಂದೆ ನಿಂತವನು. ಕನ್ನಡವನ್ನು ಗಿರಾಕಿಗಳಿಂದಲೇ ಕಲಿತ. ಹಾಗಾಗಿ ಅವನಿಗೆ ಉಪಚಾರದ ಕನ್ನಡ ಬರುತ್ತದೆ, ಜಗಳದ ಕನ್ನಡ ಬರುತ್ತದೆ, ನಡುವಿನದು ಬರುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ ಅವನದು. ಅಷ್ಟು ಕೊಡುತ್ತಿದ್ದುದಕ್ಕೆ ನನ್ನನ್ನು ನಾನೇ ಉದಾರಿ ಎಂದುಕೊಂಡಿದ್ದೆ. ಈ ಸಲ ಮಳೆಗಾಲಕ್ಕೆ ಹೋದವನು ಮೂರು ತಿಂಗಳಾದರೂ ಬರಲಿಲ್ಲ. ಫೋನ್ ಮಾಡಿದರೆ ಸಂಭ್ರಮದಿಂದ ಹೇಳಿದ.

"ಮಾಲಕ್ರ, ನಮ್ಮೂರ ಗುಡ್ಡದ ಮ್ಯಾಲಿಂದ ಹಿಂದಕ ಮಂದಿ ರೆಕ್ಕಿ ಕಟ್ಕೊಂಡು ಹಾರ್ತಿದ್ರು. ಈಗ ಕಂಟಿ ಬೆಳದು ಬಂದ್ ಬಿದ್ದೈತಿ. ಊರವ್ರೆಲ್ಲಾ ಕೂಡಿ ಸ್ವಚ್ಛ ಮಾಡಾಕತ್ತೇವ್ರಿ. ಮತ್ತ ಹಾರೂದು ಚಾಲೂ ಆತಂದ್ರ ನಾ ಅಲ್ಲೇ ಒಂದು ಚಹಾದಂಗಡಿ ಇಟ್ಕೊಂಡು, ಗುಡ್ಡ ಕಾಯ್ಕೊಂಡು, ಮನ್ಯಾಗ ಇರ್ತೇನ್ರಿ. ಆಗಲಿಲ್ಲಂದ್ರ ನಿಮ್ಮ ಒಲಿ ಅಂತೂ ಐತೆಲ್ಲಾ."

ನನ್ನ ಒಲೆ ಹೀಗೆ "ಅಂತೂ" ಆಗಿಹೋಯಿತು. ಈ ನಡುವೆ ಇಬ್ಬರು ಅಡುಗೆಯವರನ್ನು ಇಟ್ಟುಕೊಂಡು ನೋಡಿದೆ. ಒಬ್ಬನ ಫ್ರೈಡ್ ರೈಸು ಗಂಜಿಯ ಹಾಗಿತ್ತು, ಜ್ವರ ಬಂದವರಿಗೆ ಮಾತ್ರ ಕೊಡಬಹುದಿತ್ತು. ಇನ್ನೊಬ್ಬ ಚೆನ್ನಾಗಿ ಮಾಡುತ್ತಿದ್ದ, ಮೂರನೆಯ ದಿನ ಎದುರಿನ ಹೋಟೆಲಿಗೆ ಹೋಗಿ ಅಲ್ಲಿ ಇನ್ನೂ ಚೆನ್ನಾಗಿ ಮಾಡತೊಡಗಿದ.

ನನ್ನ ಹೆಂಡತಿ ಹಸೀನಾ ಬ್ಯಾಡಗಿಯವಳು. ಮನೆಯಲ್ಲಿ ನಮ್ಮ ಮಾತು ಉರ್ದು. ಬೈಯುವಾಗ ಮಾತ್ರ ಆಕೆ ಕನ್ನಡಕ್ಕೆ ಇಳಿಯುತ್ತಾಳೆ, ಅದರಲ್ಲಿ ಪೆಟ್ಟು ಸರಿಯಾಗಿ ಬೀಳುತ್ತದಂತೆ. "ಫೋನಿನ್ಯಾಗ ಕರದ್ರ ಯಾರು ಬರ್ತಾರ? ಆ ಗುಡ್ಡದ ಮ್ಯಾಲಿಂದ ಒಬ್ಬಾಂವ ಹಾರಿದ್ರೂ ಸಾಕು, ನಿಮ್ಮ ಅಡಿಗ್ಯಾಂವ ಹೋದ ಅಂತ ತಿಳೀರಿ. ಹಾರೂದ್ರೊಳಗ ಹೋಗಿ ಕರ್ಕೊಂಡು ಬರ್ರಿ." ಇಷ್ಟು ಹೇಳಿ ತವರಿನಿಂದ ತರಿಸಿದ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಕಟ್ಟಿಕೊಟ್ಟಳು. ಆ ಪುಡಿ ಹಾಕಿದ ಕಬಾಬೆಂದರೆ ಬಹದ್ದೂರನಿಗೆ ಪ್ರಾಣ. ವಾಸನೆ ಹಿಡಿಸಿ ಮನಸ್ಸು ಕರಗಿಸುವುದು ನಮ್ಮ ಗುಪ್ತ ಯೋಜನೆಯಾಗಿತ್ತು. ಅಲ್ಲಿ ಐದು ದಿನದಲ್ಲಿ ಕೆಲಸ ಮುಗಿಸಿ ಬರುತ್ತೇನೆಂದು ಹೇಳಿ ಹೊರಟೆ.

ಸೋನೌಲಿ ಗಡಿ

ವಿದೇಶ ಎಂದರೆ ವಿಮಾನ, ಸೂಟುಬೂಟು, ಕಿಟಕಿಯಿಂದ ಮೋಡ ಎಂದು ನೀವೆಲ್ಲ ಕೇಳಿರುತ್ತೀರಿ. ನನ್ನ ವಿದೇಶ ಒಂದು ಸಿಮೆಂಟ್ ಕಮಾನಿನ ಆಚೆಗಿತ್ತು. ಮೂರು ರೈಲು ಬದಲಿಸಿ, ಸೊಂಟ ಹಿಡಿದುಕೊಂಡು, ಕಮಾನಿನ ಕೆಳಗೆ ನಡೆದು ಹೋದೆ. ಇತ್ತ ಎಲೆಯಡಿಕೆ ಬಾಯಿಗಿಟ್ಟವನು ಅತ್ತ ಹೋಗಿ ಉಗುಳುತ್ತಿದ್ದ. ಇದಕ್ಕಿಂತ ಹೆಚ್ಚು ಗದ್ದಲ ನಮ್ಮೂರ ಹಲಗೇರಿ ಕ್ರಾಸಿನಲ್ಲಿ ಇರುತ್ತದೆ.

ಆಚೆ ಹೋದ ಕೂಡಲೇ ಕೈಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಬೇಕೆಂದರು. ನೇಪಾಳದವರೆಂದರೆ ನಮ್ಮಲ್ಲಿ ಪಾತ್ರೆ ತೊಳೆಯುವವರು, ಗೇಟು ಕಾಯುವವರು ಎಂದಷ್ಟೇ ತಿಳಿದಿದ್ದೆ. ಅವರ ದೇಶ ನಮಗಿಂತ ಹದಿನೈದು ನಿಮಿಷ ಮುಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಲ್ಲಿನ ಕಾವಲಿನವನು ನನ್ನ ಚೀಲ ಬಿಚ್ಚಿ ಪುಡಿಯ ಗಂಟನ್ನು ಹಿಡಿದ. ಮೆಣಸಿನ ಪುಡಿ ಎಂದೆ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಖಾರಕ್ಕಾಗಿ ಕಾದ. ಖಾರ ಬರಲಿಲ್ಲ. ಇಷ್ಟು ಕೆಂಪಗಿದ್ದೂ ಖಾರವಿಲ್ಲದ ಪುಡಿ ಇಟ್ಟಿಗೆಯದೇ ಇರಬೇಕೆಂದು ಅವನ ತೀರ್ಮಾನ. ನಮ್ಮ ಮೆಣಸಿನಕಾಯಿಗೆ ಬಣ್ಣವೇ ಬಂಡವಾಳ, ಖಾರ ತೀರ ಸಾಧು ಎಂದು ಹಿಂದಿಯಲ್ಲಿ ವಿವರಿಸಿದೆ. ಅವನು ನಂಬಲಿಲ್ಲ. ಕೊನೆಗೆ ಹಾವೇರಿ ಜಿಲ್ಲೆಯ ಮಾನ ಕಾಯಲು ಒಂದು ಹಿಡಿ ಒಣ ಪುಡಿಯನ್ನು ಅವನೆದುರಿಗೇ ಬಾಯಿಗೆ ಹಾಕಿಕೊಂಡೆ. ಸಾಧು ಖಾರವೂ ಹಿಡಿಗಟ್ಟಲೆ ತಿಂದರೆ ಸಾಧುವಾಗಿ ಉಳಿಯುವುದಿಲ್ಲ. ಕೆಮ್ಮುತ್ತ, ಕಣ್ಣೀರು ಸುರಿಸುತ್ತ ನಾನು ನೇಪಾಳವನ್ನು ಪ್ರವೇಶಿಸಿದೆ.

ಗುಡ್ಡ, ಮೊದಲ ದಿನ

ಪೋಖರಾದಿಂದ ಒಂದು ಜೀಪು ನನ್ನನ್ನು ಅರ್ಧ ದಿನ ಕುಲುಕಿ ಒಂದು ತಿರುವಿನಲ್ಲಿ ಇಳಿಸಿತು. ಬಹದ್ದೂರ ಅಲ್ಲೇ ಕಾಯುತ್ತಿದ್ದ. ಕಾಲು ಮುಟ್ಟಲು ಬಗ್ಗಿದ, ನಾನು ಹಿಡಿದೆತ್ತಿದೆ.

"ಮನಿ ಎಲ್ಲೋ?"

"ಇಲ್ಲೇ ಐತ್ರಿ. ಐದು ನಿಮಿಷ."

ನಮ್ಮ ಹಳ್ಳಿಗಳಲ್ಲೂ ದಾರಿ ಕೇಳಿದರೆ "ಇಲ್ಲೇ ಐತ್ರಿ" ಎನ್ನುತ್ತಾರೆ, ಆಮೇಲೆ ನಾಲ್ಕು ಕಿಲೋಮೀಟರ್ ನಡೆಸುತ್ತಾರೆ. ಆದರೆ ನಮ್ಮ ಸುಳ್ಳು ಸಪಾಟಾಗಿರುತ್ತದೆ. ಇವರ ಸುಳ್ಳು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಎರಡು ತಾಸು ಕಲ್ಲಿನ ಮೆಟ್ಟಿಲು ಹತ್ತಿದೆ. ಬೆನ್ನ ಮೇಲೆ ಬುಟ್ಟಿ ಹೊತ್ತ ಮುದುಕಿಯರು ನನ್ನನ್ನು ಹಿಂದೆ ಹಾಕುತ್ತ, ಊಟ ಆಯಿತೇ ಎಂದು ಕೇಳುತ್ತ ಹೋದರು. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ಇದೇನು ದೊಡ್ಡ ಪರ್ವತವೋ ಎಂದು ಬಹದ್ದೂರನನ್ನು ಕೇಳಿದರೆ, ಪರ್ವತ ಅಲ್ಲಿ ಹಿಂದೆ ಬೆಳ್ಳಗೆ ಕಾಣುವುದು, ಇದು ಬರೀ ಗುಡ್ಡ ಎಂದ.

ಮನೆಯಲ್ಲಿ ಅವನ ಹೆಂಡತಿ ಮಾಯಾ ಇದ್ದಳು. ಐವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು. ಹದಿನಾರು ವರ್ಷ ನಾನು ಆಕೆಯ ಹೆಸರನ್ನಷ್ಟೇ ಕೇಳಿದ್ದೆ. ಆಕೆಯೂ ನನ್ನ ಹೆಸರನ್ನಷ್ಟೇ ಕೇಳಿದ್ದಳು, ಬಹುಶಃ ಅಷ್ಟು ಪ್ರೀತಿಯಿಂದಲ್ಲ. ಚಹಾ ಕೊಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಮೆಣಸಿನ ಪುಡಿಯನ್ನು ತೆಗೆದುಕೊಂಡು, ಮೂಸಿ ನೋಡಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಟ್ಟಳು. ನಮ್ಮ ಗುಪ್ತ ಯೋಜನೆ ಅಲ್ಲಿಗೆ ಮುಗಿಯಿತು.

ಸಂಜೆ ಹಾರುವ ಜಾಗ ತೋರಿಸಲು ಕರೆದುಕೊಂಡು ಹೋದರು. ಕಂಟಿಯೊಳಗೆ ದಾರಿ ಮಾಡಿಕೊಂಡು ನಡೆದು, ಮುಳ್ಳಿಗೆ ಅಂಗಿ ಕೊಟ್ಟು, ಒಂದು ಕಡೆ ನಿಂತೆವು.

"ಎಲ್ಲೈತೋ ಜಾಗಾ?"

"ನೀವು ನಿಂತದ್ದ ಜಾಗಾರಿ."

ಸುತ್ತಲೂ ಎದೆಮಟ್ಟದ ಪೊದೆ, ಜರಿಗಿಡ, ನಡುನಡುವೆ ಮರಗಳು. ಬಹದ್ದೂರ ಕೈಮಾಡಿ ತೋರಿಸಿದ. ಮೇಲೆ ಒಂದು ಸಮತಟ್ಟು, ಅದರ ಮುಂದೆ ಇಳಿಜಾರು, ಇಳಿಜಾರು ಮುಗಿದ ಮೇಲೆ ಕಣಿವೆ. ಹಾರುವವರು ಸಮತಟ್ಟಿನಲ್ಲಿ ಬಟ್ಟೆಯ ರೆಕ್ಕೆ ಹಾಸಿ, ಅದರ ದಾರಗಳನ್ನು ಮೈಗೆ ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಓಡುತ್ತಾರೆ. ಕೆಳಗಿನಿಂದ ಏರಿ ಬರುವ ಗಾಳಿ ರೆಕ್ಕೆಯನ್ನು ತುಂಬಿ ಎತ್ತುತ್ತದೆ. ಇದು ಪ್ಯಾರಾಗ್ಲೈಡಿಂಗ್. ಬಟ್ಟೆಯ ಬದಲು ಕೊಳವೆಗಳ ಚೌಕಟ್ಟಿನ ಗಟ್ಟಿ ರೆಕ್ಕೆಯಾದರೆ ಹ್ಯಾಂಗ್ ಗ್ಲೈಡಿಂಗ್. ಮಾಯಾ ಮದುವೆಯಾಗಿ ಬಂದ ಹೊಸತರಲ್ಲಿ ಬಿಳಿಯನೊಬ್ಬ ಅಂಥದ್ದನ್ನು ಹೊತ್ತು ಗುಡ್ಡ ಹತ್ತಿದನಂತೆ. ಡೇರೆ ಹಾಕುತ್ತಾನೆಂದು ಊರವರು ನೋಡುತ್ತಿದ್ದರೆ ಓಡಿಹೋಗಿ ಜಿಗಿದೇಬಿಟ್ಟ. ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತರು. ಸತ್ತವನು ಸಂಜೆಗೆ ನಡೆದುಕೊಂಡು ಬಂದು ಚಹಾ ಕೇಳಿದ. ಆಮೇಲೆ ಬಹಳ ಜನ ಬಂದರು, ಕೆಲವು ವರ್ಷ ಹಾರಿದರು, ಬರುವುದನ್ನು ಬಿಟ್ಟರು.

"ಇಷ್ಟು ಕಂಟಿ ಹೆಂಗ ಬೆಳೀತೋ?" ಎಂದೆ.

"ಮೊದಲ ಆಡು ಮೇಯ್ತಿದ್ವು, ಮಂದಿ ಹುಲ್ಲು ಕೊಯ್ತಿದ್ರು. ಗಂಡಸ್ರೆಲ್ಲಾ ಕತಾರ್, ಮಲೇಷ್ಯಾ, ರಾಣೇಬೆನ್ನೂರು ಅಂತ ಹೋದ್ರು. ಯಾರು ಮೇಯಿಸ್ಬೇಕ್ರಿ?"

ಕತಾರಿನ ಸಾಲಿನಲ್ಲಿ ರಾಣೇಬೆನ್ನೂರು ಬಂದದ್ದು ಕೇಳಿ ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಅವನು ಒಂದು ಮರವನ್ನು ತಟ್ಟಿ, ನಿಮ್ಮಲ್ಲಿಗೆ ಮೊದಲ ಸಲ ಬಂದಾಗ ಇದು ಇರಲಿಲ್ಲ ಎಂದ. ಮರ ನನ್ನ ತೊಡೆಯಷ್ಟು ದಪ್ಪವಿತ್ತು. ಅವನು ನನ್ನ ಗಿರಾಕಿಗಳಿಗೆ ಎಗ್ ರೈಸ್ ಹಾಕಿಕೊಡುತ್ತಿದ್ದಾಗ ಇದು ಇಲ್ಲಿ ನಿಧಾನವಾಗಿ ಬೆಳೆದಿತ್ತು. ನನಗೆ ಇರಿಸುಮುರಿಸಾಯಿತು.

ಆದರೂ ನನ್ನ ಕೆಲಸ ನಾನು ಮಾಡಬೇಕಲ್ಲ. "ಇದು ಆಗೂ ಮಾತಲ್ಲ ಬಿಡೋ. ಸುಮ್ಕ ನನ್ನ ಜೋಡಿ ನಡಿ," ಎಂದು ಹೇಳಬೇಕೆಂದು ಬಾಯಿ ತೆರೆದೆ. ಮಾಯಾ ನನ್ನ ಕೈಗೆ ಒಂದು ಕುಡುಗೋಲು ಕೊಟ್ಟಳು.

ಅಲ್ಲಿ ಮನೆಗೊಬ್ಬರಂತೆ ಬಂದು ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಿಕೊಡುವ ಪದ್ಧತಿಯಿದೆ, ನಾನು ಹುಟ್ಟಿದ ಮೇಡ್ಲೇರಿ ಕಡೆಯ ಮುಯ್ಯಾಳಿನ ಹಾಗೆ. ಬಹದ್ದೂರನನ್ನು ಮರ ಕಡಿಯುವ ಗುಂಪಿಗೆ ಹಾಕಿದ್ದರು, ಪೊದೆ ಕಡಿಯುವುದಕ್ಕೂ ಮನೆಗೊಂದು ಆಳು ಬೇಕಿತ್ತು. ಮಾಯಾಗೆ ಅಡುಗೆ, ಎಮ್ಮೆ. ಹೀಗಾಗಿ ಆ ಮನೆಯ ಆಳಾಗಿ ನನ್ನನ್ನು ಲೆಕ್ಕಕ್ಕೆ ಹಿಡಿದರು. ಒಬ್ಬರೂ ನನ್ನನ್ನು ಕೇಳಲಿಲ್ಲ.

ಆರನೆಯ ದಿನ

ಹೊಸರಿತ್ತಿಯ ಶಾಲೆಯಲ್ಲಿ ಓದುವಾಗ ನಮಗೆ ಶ್ರಮದಾನ ಇರುತ್ತಿತ್ತು. ಶ್ರಮದಾನದ ದಿನ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಅಂಥವನು ಪರದೇಶಕ್ಕೆ ಹೋಗಿ ಐದು ದಿನ ಬಿಡದೆ ಕಂಟಿ ಕಡಿದೆ. ಯಾಕೆಂದು ಕೇಳಿದರೆ ನನಗೂ ಗೊತ್ತಿಲ್ಲ. ಊಟಕ್ಕೆ ಕುಂತಾಗ ಎಲ್ಲರೂ ಅವರವರು ಕಡಿದ ಜಾಗವನ್ನು ನೋಡುತ್ತಿದ್ದರು. ನಾನೂ ನೋಡಿದೆ. ನನ್ನದು ಎಲ್ಲರಿಗಿಂತ ಚಿಕ್ಕದಿತ್ತು. ಮರುದಿನ ಬೇಗ ಎದ್ದೆ.

ಈ ಕೆಲಸಕ್ಕೆ ಒಂದು ಗಡುವಿತ್ತು. ಹಾರುವವರ ಸಂಘದಿಂದ ಒಬ್ಬರು ಬಂದು ಜಾಗ ನೋಡುತ್ತಾರೆ, ಒಪ್ಪಿದರೆ ಈ ಚಳಿಗಾಲದಿಂದಲೇ ಹಾರಾಟ ಶುರು. ಒಪ್ಪದಿದ್ದರೆ ಮುಂದಿನ ವರ್ಷದ ಮಾತು. ಮುಂದಿನ ವರ್ಷದ ತನಕ ಬಹದ್ದೂರ ಮನೆಯಲ್ಲಿ ಕೂತು ಏನು ಮಾಡುತ್ತಾನೆ? ನನ್ನ ಒಲೆ ಅಂತೂ ಇತ್ತಲ್ಲ.

ಆರನೆಯ ದಿನದ ಹೊತ್ತಿಗೆ ಪೊದೆ, ಮರ, ಬೊಡ್ಡೆ ಎಲ್ಲ ಹೋಗಿತ್ತು. ಮೇಲಿನ ಸಮತಟ್ಟಿನಲ್ಲಿ ಮೊಣಕಾಲುದ್ದದ ಹುಲ್ಲು ಉಳಿದಿತ್ತು. ಊರವರೆಲ್ಲ ಎರಡು ದಿನ ಪಕ್ಕದೂರಿನ ಮದುವೆಗೆ ಹೊರಟರು. ನಾನು ಇಲ್ಲೇ ಇರುತ್ತೇನೆಂದೆ, ಇಳಿದರೆ ಮತ್ತೆ ಹತ್ತಬೇಕಲ್ಲ ಎಂಬ ಭಯ. ಬಹದ್ದೂರ ಹೋಗುವಾಗ, "ಮಾಲಕ್ರ, ಹೊತ್ತು ಹೋಗಲಿಲ್ಲಂದ್ರ ಹುಲ್ಲು ಸ್ವಚ್ಛ ಮಾಡ್ರಿ," ಎಂದ.

ಇಂಥ ಮಾತನ್ನು ಮೇಡ್ಲೇರಿಯ ರೈತನ ಮಗನಿಗೆ ಹೇಳಬಾರದು. ನಮ್ಮಲ್ಲಿ ಸ್ವಚ್ಛ ಎಂದರೆ ಸ್ವಚ್ಛ. ನಮ್ಮಪ್ಪ ಸುಗ್ಗಿಗೆ ಮುಂಚೆ ಕಣ ಮಾಡುವಾಗ ಒಂದು ಕಡ್ಡಿ ಹುಲ್ಲು ನಿಂತರೂ ಊಟ ಬಿಡುತ್ತಿದ್ದ. ಬೇರುಸಹಿತ ಕೆತ್ತಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿದರೆ ಬಿದ್ದ ಸಾಸಿವೆ ಕಾಳನ್ನೂ ಆರಿಸಿಕೊಳ್ಳಬಹುದಿತ್ತು. ಇಷ್ಟು ದೂರದಿಂದ ಬಂದ ರೆಕ್ಕೆಯ ಬಟ್ಟೆಯನ್ನು ಇವರು ಹುಲ್ಲಿನ ಮೇಲೆ ಹಾಸುತ್ತಾರೆಯೇ? ಈ ಗುಡ್ಡದವರಿಗೆ ಕಣದ ಕಲ್ಪನೆಯೇ ಇಲ್ಲ ಎಂದು ಮರುಕವಾಯಿತು.

ಎರಡು ದಿನ ಕೆತ್ತಿದೆ. ಹುಲ್ಲಿನ ಬೇರು ಒಂದನ್ನೂ ಉಳಿಸಲಿಲ್ಲ, ಎಲ್ಲವನ್ನೂ ಕಣಿವೆಗೆ ಎಸೆದೆ. ಮದುವೆಗೆ ಹೋಗಲಾಗದ ಇಬ್ಬರು ಅಜ್ಜಿಯರು ಬಂದು ನೋಡಿದರು. ನಾನು ಕೈಸನ್ನೆಯಲ್ಲಿ ಸಗಣಿ ಕೇಳಿದೆ. ಇದು ನನ್ನ ಕಡೆಯ ಯಾವುದೋ ಹಬ್ಬವೆಂದು ತಿಳಿದು, ಭಕ್ತಿಯಿಂದ ಬುಟ್ಟಿಗಟ್ಟಲೆ ತಂದುಕೊಟ್ಟರು. ಬಳಿದು ಮುಗಿಸಿ ನಿಂತು ನೋಡಿದರೆ ಅಂಗೈ ಗುರುತು ಕಮಾನು ಕಮಾನಾಗಿ ಬಿದ್ದು, ಹಿಂದೆ ಹಿಮದ ಪರ್ವತ, ಮುಂದೆ ನಮ್ಮ ಕಣ. ಫೋಟೋ ತೆಗೆದು ಹಸೀನಾಗೆ ಕಳಿಸಿದೆ. ಫೋನ್ ಬಂತು, ಕನ್ನಡದಲ್ಲೇ.

"ಕರ್ಕೊಂಡು ಬರಾಕ ಹೋಗೀರೋ, ಸುಗ್ಗಿ ಮಾಡಾಕ ಹೋಗೀರೋ?"

ಮದುವೆಯಿಂದ ಬಂದವರೆಲ್ಲ ಸಾಲಾಗಿ ನಿಂತು ನೋಡಿದರು. ಮಾಯಾ ಗಂಡನಿಗೆ ಏನೋ ಕೇಳಿದಳು. ಅವನು ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ. "ಭಾಳ ಚಲೋ ಆಗೇತ್ರಿ ಮಾಲಕ್ರ," ಎಂದ, ಉಪಚಾರದ ಕನ್ನಡದಲ್ಲಿ.

ಒಂಬತ್ತನೆಯ ದಿನ

ಸಂಘದಿಂದ ದಪ್ಪ ಮೀಸೆಯ, ಫೈಲು ಹಿಡಿದ ಅಧಿಕಾರಿ ಬರುತ್ತಾನೆಂದು ನಾನು ಅಂಗಿಗೆ ಇಸ್ತ್ರಿ ಮಾಡಿಸಿಕೊಳ್ಳಲು ನೋಡಿದ್ದೆ. ಬಂದದ್ದು ಸರಿತಾ ಎಂಬ ಸಣ್ಣ ಆಳಿನ ಹೆಂಗಸು. ಆಕೆಯ ಬೆನ್ನ ಮೇಲಿನ ಚೀಲ ಆಕೆಗಿಂತ ದೊಡ್ಡದಿತ್ತು. ಊರವರ ಜೊತೆ ನೇಪಾಳಿ, ನನ್ನ ಜೊತೆ ಹಿಂದಿ, ಎರಡರಲ್ಲೂ ಕಡಿಮೆ ಮಾತು. ಇಳಿಜಾರನ್ನು ನಡೆದು ನೋಡಿದಳು, ಗಾಳಿಯ ದಿಕ್ಕು ತೋರಿಸುವ ಚೀಲವನ್ನು ನೋಡಿದಳು, ತಲೆಯಾಡಿಸಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ನನ್ನ ಕಣಕ್ಕೆ ಬಂದಳು.

ಹಳದಿ ಬಣ್ಣದ ರೆಕ್ಕೆಯನ್ನು ಬಿಚ್ಚಿ ಹಾಸಿದಳು. ಒಣ ಸಗಣಿಯ ಮೇಲೆ ಬಟ್ಟೆ ಎಣ್ಣೆ ಹಚ್ಚಿದ ಹಾಗೆ ಜಾರಿ, ಮುದ್ದೆಯಾಗಿ ಒಂದು ಮೂಲೆಗೆ ಸೇರಿತು. ಸರಿಪಡಿಸಿ ಹಾಸಿದಳು. ಮತ್ತೆ ಜಾರಿತು. ಹುಲ್ಲಿದ್ದರೆ ಅದು ಬಟ್ಟೆಯನ್ನು ಹಿಡಿದುಕೊಂಡಿರುತ್ತದಂತೆ. ಮೂರನೆಯ ಸಲ ದಾರ ಸಿಕ್ಕಿಸಿಕೊಂಡು ಓಡಿದಳು. ಎರಡು ಹೆಜ್ಜೆಗೆ ಕಾಲು ಜಾರಿ, ಕೂತ ಭಂಗಿಯಲ್ಲೇ ಇಳಿಜಾರಿನ ತನಕ ಹೋದಳು. ಎದ್ದಾಗ ಹಳದಿ ರೆಕ್ಕೆಯ ಮೇಲೆ ಮೇಡ್ಲೇರಿಯ ಅಂಗೈ ಗುರುತುಗಳು ಮೂಡಿದ್ದವು.

"ಹುಲ್ಲು ಕಿತ್ತವರು ಯಾರು?" ಎಂದು ಮೊದಲು ನೇಪಾಳಿಯಲ್ಲಿ, ಆಮೇಲೆ ಹಿಂದಿಯಲ್ಲಿ ಕೇಳಿದಳು. ಮೊದಲ ಮಳೆಗೇ ಈ ಮಣ್ಣೆಲ್ಲ ಕೊಚ್ಚಿಹೋಗಿ ಇಲ್ಲಿ ಹಳ್ಳವಾಗುತ್ತದೆ, ಇದಕ್ಕೆ ನಾನು ಒಪ್ಪಿಗೆ ಕೊಡಲಾರೆ ಎಂದಳು.

ಅಲ್ಲಿದ್ದವರಲ್ಲಿ ಹಿಂದಿ ಚೆನ್ನಾಗಿ ತಿಳಿಯುವವನು ನಾನು. ಏನೂ ತಿಳಿಯದವನಂತೆ ನಿಂತೆ. ಖರೇ ಹೇಳುತ್ತೇನೆ, ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಸಂಜೆಯ ಹೋಟೆಲು, ತುಂಬಿದ ಬೆಂಚುಗಳು, ಒಲೆಯ ಮುಂದೆ ಬಹದ್ದೂರ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ನಾನು ಬಂದ ಕೆಲಸ ತಾನಾಗಿ ಆಗುತ್ತಿತ್ತು.

"ನಾನೇ ಕಿತ್ತೆ," ಎಂದ ಬಹದ್ದೂರ.

ಹೋಟೆಲಿನಲ್ಲೂ ಅವನು ಹೀಗೇ ಮಾಡುತ್ತಿದ್ದ. ನಾನು ಮಾತಿನ ಭರದಲ್ಲಿ ಉರಿ ಜೋರು ಮಾಡಿ ಕಬಾಬು ಸೀಯಿಸುತ್ತಿದ್ದೆ. ಗಿರಾಕಿ ಬೈದರೆ ಅವನು ಮುಂದೆ ಬಂದು "ನಂದ ತಪ್ರಿ" ಎನ್ನುತ್ತಿದ್ದ. ನಾನು ಮಾಲಕನ ಗತ್ತಿನಲ್ಲಿ, ಇನ್ನು ಮೇಲೆ ಹುಷಾರಾಗಿರು ಎಂದು ಅವನಿಗೆ ಬುದ್ಧಿ ಹೇಳುತ್ತಿದ್ದೆ. ಹದಿನಾರು ವರ್ಷ ಅದು ಅವನ ಕೆಲಸದ ಒಂದು ಭಾಗವೆಂದೇ ತಿಳಿದಿದ್ದೆ. ಇಲ್ಲಿ ಅವನ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು, ಊರೆಲ್ಲ ನೋಡುತ್ತಿತ್ತು. ನನಗೆ ನಾಚಿಕೆಯಾಯಿತು.

"ಅವನಲ್ಲ, ನಾನು," ಎಂದೆ.

"ಯಾಕೆ?"

ನಮ್ಮ ಊರಿನಲ್ಲಿ ಹೀಗೆ ಕಣ ಮಾಡುತ್ತೇವೆ, ಅದರ ಮೇಲೆ ನಿಂತು ಗಾಳಿಗೆ ಜೋಳ ತೂರುತ್ತೇವೆ ಎಂದು ವಿವರಿಸಿದೆ.

"ನಾನು ಜೋಳವಲ್ಲ," ಎಂದಳು ಸರಿತಾ.

ಹತ್ತು ದಿನ ಬಿಟ್ಟು ಬರುತ್ತೇನೆ, ಬೇರು ಹಿಡಿದ ಹುಲ್ಲು ಇದ್ದರೆ ಹಾರುತ್ತೇನೆ, ಇಲ್ಲದಿದ್ದರೆ ಬರುವ ವರ್ಷ ನೋಡೋಣ ಎಂದು ಹೇಳಿ, ರೆಕ್ಕೆಯನ್ನು ಒಗೆಯಲು ಹಳ್ಳಕ್ಕೆ ತೆಗೆದುಕೊಂಡು ಹೋದಳು. ಊರವರು ಒಬ್ಬೊಬ್ಬರಾಗಿ ಇಳಿದುಹೋದರು. ಒಬ್ಬರೂ ನನ್ನನ್ನು ಬೈಯಲಿಲ್ಲ. ನಮ್ಮಲ್ಲಾಗಿದ್ದರೆ ಚೆನ್ನಾಗಿ ಬೈದು, ಆಮೇಲೆ ಚಹಾ ಕುಡಿಸಿ ಮುಗಿಸುತ್ತಿದ್ದರು.

ಬಹದ್ದೂರ ನನ್ನ ಪಕ್ಕದಲ್ಲಿ ಕೂತ. "ಬಿಡ್ರಿ ಮಾಲಕ್ರ. ಹತ್ತು ದಿನದಾಗ ಹುಲ್ಲು ಎಲ್ಲಿ ಹುಟ್ತೈತಿ? ನಡೀರಿ, ನಿಮ್ಮ ಜೋಡೀನ ಬರ್ತೇನಿ." ಗಿರಾಕಿಗೆ ಬಿಲ್ ಹೇಳುವ ದನಿಯಲ್ಲಿ ಹೇಳಿದ. ಮಾಯಾಗೆ ಕನ್ನಡ ಬರುವುದಿಲ್ಲ. ಆದರೂ ಆಕೆ ನಮ್ಮಿಬ್ಬರ ಮುಖ ನೋಡಿ, ಎದ್ದು, ಖಾಲಿ ಬುಟ್ಟಿ ತೆಗೆದುಕೊಂಡು ಮನೆಯ ಕಡೆ ಇಳಿದಳು.

ನಾನು ಕೇಳಲು ಬಂದಿದ್ದ ಮಾತು 'ಬರ್ತೇನಿ' ಎಂಬುದೊಂದೇ. ಅದನ್ನು ಕೇಳಿದ ಮೇಲೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಇಲ್ಲಿ ಗರಿಕಿ ಎಲ್ಲಿ ಸಿಗ್ತೈತೋ?" ಎಂದೆ.

"ಏನ್ರಿ?"

"ಗರಿಕಿ. ಮಣ್ಣು ಸಮೇತ ಕೆತ್ತಿ ತಂದು ಹಚ್ಚಿದ್ರ ನಾಕು ದಿನದಾಗ ಬೇರು ಬಿಡ್ತೈತಿ. ಕಿತ್ತಾಂವ ನಾನು, ಹಚ್ಚಾಂವನೂ ನಾನ. ಏಳು."

ಹತ್ತರಿಂದ ಹತ್ತೊಂಬತ್ತನೆಯ ದಿನದವರೆಗೆ

ಗರಿಕೆ ಇದ್ದದ್ದು ಕೆಳಗೆ, ಬಿತ್ತದೆ ಬಿಟ್ಟ ಹೊಲಗಳ ಬದುವಿನಲ್ಲಿ. ಕೆತ್ತಿದ ಹುಲ್ಲಿನ ಹೆಂಟೆಗಳನ್ನು ಬುಟ್ಟಿಗೆ ತುಂಬಿ ಮೇಲೆ ಹೊರಬೇಕು. ನಾವು ತಲೆಯ ಮೇಲೆ ಹೊರುವವರು, ಇವರು ಬುಟ್ಟಿಯನ್ನು ಬೆನ್ನಿಗಿಟ್ಟು ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುವವರು. ಮೊದಲ ದಿನ ನನ್ನ ಕತ್ತು ಯಾವ ಕಡೆಗೂ ತಿರುಗಲಿಲ್ಲ. ಎರಡನೆಯ ದಿನ ಒಂದು ಬುಟ್ಟಿಗೆ ಮೂರು ಕಡೆ ಕೂತೆ. ಸಗಣಿ ತಂದುಕೊಟ್ಟ ಅಜ್ಜಿಯರೇ ಈಗಲೂ ಬಂದರು. ನನ್ನ ಹಬ್ಬ ಇನ್ನೂ ಮುಗಿದಿಲ್ಲವೆಂದು ಅವರ ತಿಳುವಳಿಕೆ.

ಮೂರನೆಯ ದಿನ ಮಾಯಾ ಬಂದಳು. ಆಕೆಯ ಹಿಂದೆ ಮನೆಗೊಬ್ಬರಂತೆ ಉಳಿದವರೂ ಬಂದರು. ಸಾರಿಸಿದ್ದ ಕಣವನ್ನು ಮತ್ತೆ ಕೆದರಿ ಮಣ್ಣು ಸಡಿಲು ಮಾಡಿದೆವು. ಬಳಿದ ಸಗಣಿ ಗೊಬ್ಬರವಾಯಿತು, ಅದೊಂದೇ ನಾನು ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದದ್ದು. ಹೆಂಟೆಗಳನ್ನು ಒತ್ತೊತ್ತಾಗಿ ಜೋಡಿಸಿ, ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹಾಕಿದೆವು. ನಾಲ್ಕು ದಿನಕ್ಕೆ ಹುಲ್ಲೆಲ್ಲ ಹಳದಿಯಾಯಿತು. ನಾನು ಅನ್ನ ಬಿಟ್ಟೆ. ಮತ್ತೆರಡು ದಿನ ಬಿಟ್ಟು ಬೆಳಿಗ್ಗೆ ಮಾಯಾ ಬಗ್ಗಿ ಒಂದು ಎಳೆಯನ್ನು ಜಗ್ಗಿದಳು. ಅದು ಬರಲಿಲ್ಲ. ಆಕೆ ನನ್ನನ್ನು ನೋಡಿ ನಕ್ಕಳು. ನಾನು ಬಂದ ಮೇಲೆ ಮೊದಲ ಸಲ ನಕ್ಕದ್ದು.

ಹೇಳಿದ ದಿನವೇ ಸರಿತಾ ಬಂದಳು. ಬೂಟಿನ ತುದಿಯಿಂದ ಹೆಂಟೆಗಳನ್ನು ಒದ್ದು ನೋಡಿದಳು. ರೆಕ್ಕೆ ಹಾಸಿದಳು. ಹುಲ್ಲು ಹಿಡಿದುಕೊಂಡಿತು. ಒಬ್ಬಳೇ ಹಾರಿ, ಕಣಿವೆಯಲ್ಲಿ ಇಳಿದು, ಜೀಪಿನಲ್ಲಿ ತಿರುವಿನ ತನಕ ಬಂದು, ನಡೆದು ಹತ್ತಿದಳು. ಈ ರೆಕ್ಕೆ ಇಬ್ಬರನ್ನು ಹೊರುತ್ತದೆ, ಇನ್ನು ಒಬ್ಬರನ್ನು ಮುಂದೆ ಕಟ್ಟಿಕೊಂಡು ಹಾರಿ ನೋಡಬೇಕು, ಅದಾದರೆ ಒಪ್ಪಿಗೆ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನನ್ನು ಎತ್ತಿದ ಗಾಳಿ ಯಾರನ್ನಾದರೂ ಎತ್ತೀತು ಎಂಬ ಲೆಕ್ಕಾಚಾರ ಅವರ ಮುಖದ ಮೇಲೆ ಕಾಣುತ್ತಿತ್ತು. ನನಗೆ ತಟ್ಟನೆ ಹೊಟ್ಟೆನೋವು ಬಂತು.

ಮಾಯಾ ಸೊಂಟದ ಬಟ್ಟೆಯನ್ನು ಬಿಗಿದು ಕಟ್ಟಿಕೊಂಡು ಮುಂದೆ ಬಂದಳು.

ಬಹದ್ದೂರ ಬೇಡವೆಂದ. ಆಕೆ ಅವನ ಕಡೆ ನೋಡಲೂ ಇಲ್ಲ. ಪಟ್ಟಿಗಳನ್ನು ಬಿಗಿದರು, ತಲೆಗೆ ಹೆಲ್ಮೆಟ್ ಹಾಕಿದರು. ಸರಿತಾ ಕೂಗಿದ ಕೂಡಲೇ ಇಬ್ಬರೂ ಓಡಿದರು. ನಾವು ಹಚ್ಚಿದ ಗರಿಕೆಯ ಮೇಲೆ ಐದು ಹೆಜ್ಜೆ, ಇಳಿಜಾರಿನಲ್ಲಿ ಆರೇಳು ಹೆಜ್ಜೆ, ಆಮೇಲೂ ಮಾಯಾಳ ಕಾಲು ಓಡುತ್ತಲೇ ಇತ್ತು, ಕೆಳಗೆ ನೆಲವಿರಲಿಲ್ಲ. ಬಹದ್ದೂರ ಇಳಿಜಾರಿನ ಅಂಚಿನ ತನಕ ಹಿಂದೆ ಓಡಿದ. ಗಾಬರಿಯಲ್ಲಿ ಅವನ ಬಾಯಿಂದ ಬಂದದ್ದು ಕನ್ನಡ.

"ಏ, ಸಾವಕಾಶ! ಗಟ್ಟಿ ಹಿಡ್ಕೋ! ಏ ಮಾಯಾ, ಸಾವಕಾಶ!"

ಆಕೆಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ, ಕೇಳಿಸಿರಲಿಕ್ಕೂ ಇಲ್ಲ. ಹಳದಿ ರೆಕ್ಕೆ ಕಣಿವೆಯ ಮೇಲೆ ಒಂದು ಸುತ್ತು ಹಾಕಿ ನಮ್ಮ ತಲೆಗಿಂತ ಎತ್ತರಕ್ಕೆ ಏರಿತು. ಇಷ್ಟು ವರ್ಷ ಅವನು ಹೋಗುವುದನ್ನು ಆಕೆ ಗುಡ್ಡದ ಮೇಲೆ ನಿಂತು ನೋಡಿದ್ದಳು. ಈ ಹೊತ್ತು ಅವನು ಬಾಯಿ ತೆರೆದುಕೊಂಡು ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು. ನನಗೂ ಅತ್ತುಬಿಡುವ ಹಾಗಾಯಿತು, ಗಾಳಿಗೆ ಎಂದು ಕಣ್ಣೊರೆಸಿಕೊಂಡೆ.

ರೆಕ್ಕೆ ದೂರ ಕೆಳಗಿನ ಗದ್ದೆಯಲ್ಲಿ ಇಳಿಯಿತು. ಒಂದು ಸಣ್ಣ ಕೈ ಮೇಲೆದ್ದು ಬೀಸುವುದು ಕಾಣಿಸಿತು.

"ಮಾಲಕ್ರ," ಎಂದ ಬಹದ್ದೂರ, ಅತ್ತ ನೋಡುತ್ತಲೇ. "ನೀವು ಯಾತಕ್ಕ ಬಂದೀರಿ ಅಂತ ನನಗ ಮೊದಲನೇ ದಿನಾನ ಗೊತ್ತೈತ್ರಿ. ನೀವು ಕರದ್ರ ನಾ ಇಲ್ಲ ಅನ್ನಂಗಿಲ್ಲ. ಈಗೂ ಅನ್ನಂಗಿಲ್ಲ."

ಅವನು ಇಲ್ಲ ಅನ್ನುವುದಿಲ್ಲವೆಂದು ನನಗೂ ಗೊತ್ತಿತ್ತು. ಅದಕ್ಕೇ ಕರೆಯಲು ಬಾಯಿ ಬರಲಿಲ್ಲ.

"ಆಕಿ ಅಲ್ಲಿ ಒಬ್ಬಾಕಿ ನಿಂತಾಳ," ಎಂದೆ. "ಲಗೂ ಹೋಗು. ಕರ್ಕೊಂಡು ಮನಿಗೆ ಬಾ."

ಅವನು ಇಳಿಜಾರಿನ ಪಕ್ಕದ ಕಾಲುದಾರಿಯಲ್ಲಿ ಓಡಿದ. ಹದಿನಾರು ವರ್ಷದಲ್ಲಿ ಅವನು ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿರಲಿಲ್ಲ.

ರಾಣೇಬೆನ್ನೂರು, ಮತ್ತೆ

ಹಸೀನಾ ಸ್ಟೇಷನ್ನಿಗೆ ಬಂದಿದ್ದಳು. ನನ್ನ ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಬೋಗಿಯ ಬಾಗಿಲನ್ನು ನೋಡಿದಳು. ರೈಲು ಹೊರಟಿತು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಆಕೆ ನನ್ನ ಹಣೆಯ ಮೇಲೆ ಬುಟ್ಟಿಯ ಪಟ್ಟಿ ಒತ್ತಿ ಮಾಡಿದ ಕಪ್ಪು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಉರ್ದುವಿನಲ್ಲಿ, ಮನೆಗೆ ನಡೀರಿ ಎಂದಳು.

ಈಗ ಒಲೆಯ ಮುಂದೆ ನಾನೇ ನಿಲ್ಲುತ್ತೇನೆ. ನಮ್ಮ ಊರಿನ ಜನ ಬಹಳ ಸಭ್ಯರು. ನಾನು ಮಾಡಿದ ಎಗ್ ರೈಸನ್ನು ತಿಂದು, ಏನೂ ಅನ್ನದೆ, ಕೈತೊಳೆದು ಹೋಗುತ್ತಾರೆ. ಮತ್ತೆ ಬರುವುದಿಲ್ಲ ಎಂಬುದು ಬೇರೆ ಮಾತು. ಹೊಗೆ, ಉರಿ, ಗದ್ದಲದ ನಡುವೆ ದಿನಕ್ಕೆ ಎಂಟು ತಾಸು ನಿಲ್ಲುವುದೆಂದರೆ ಏನೆಂದು ಈಗ ಗೊತ್ತಾಗುತ್ತಿದೆ.

ಹಳೆಯ ಗಿರಾಕಿಗಳು ಮಾತ್ರ ಬಿಡುವುದಿಲ್ಲ. ಮೊನ್ನೆ ಕುಮಾರಪಟ್ಟಣದಿಂದ ವಾರಕ್ಕೊಮ್ಮೆ ಬರುವ ಒಬ್ಬರು ಅರ್ಧ ಪ್ಲೇಟು ತಿಂದು, ಉಳಿದರ್ಧವನ್ನು ದೂರ ಸರಿಸಿ, ಒಳಗೆ ಬಗ್ಗಿ ನೋಡಿದರು.

"ಎಲ್ರಿ, ನಿಮ್ಮ ಬಹದ್ದೂರ ಕಾಣವಲ್ಲ? ಊರಿಗೆ ಹೋಗ್ಯಾನೇನ? ಯಾವಾಗ ಬರ್ತಾನ?"

ಹದಿನಾರು ವರ್ಷ ಈ ಪ್ರಶ್ನೆಗೆ ನಾನು, ರಜಾ ಹಾಕ್ಯಾನ್ರಿ, ಬರ್ತಾನ್ರಿ ಎಂದೇ ಹೇಳುತ್ತಿದ್ದೆ. ಸೌಟನ್ನು ಕೆಳಗಿಟ್ಟು, ಬೆವರು ಒರೆಸಿಕೊಂಡೆ.

"ಬರಂಗಿಲ್ರಿ," ಎಂದೆ. "ಅಂವ ಮನ್ಯಾಗದಾನ."